ಅರಿವಿಗೆ ಬಾರದ ಅರಿವು: 'ಕಾಗ್ನಿಟಿವ್'ಗೆ ನೀವು ಏನು ಬರೀತೀರಿ?

ಎಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುವವಳು. ಲಗ್ನಪತ್ರಿಕೆ, ಕರಪತ್ರ, ಶ್ರದ್ಧಾಂಜಲಿ ಬ್ಯಾನರ್ ಇವೇ ಜಾಸ್ತಿ. ಹೋದ ವಾರ ಒಂದು ಕಾಲೇಜಿನಿಂದ ಬೇರೆ ಥರದ ಕೆಲಸ ಬಂತು. ಮನಶ್ಶಾಸ್ತ್ರದ ವಿಚಾರ ಸಂಕಿರಣವಂತೆ. ಬರುವ ಹದಿನಾಲ್ಕು ಜನರ ಹೆಸರು, ಪಕ್ಕದಲ್ಲಿ ಅವರವರ ಸಂಶೋಧನೆಯ ವಿಷಯ. ಎಲ್ಲ ಇಂಗ್ಲಿಷಿನಲ್ಲಿ ಕೊಟ್ಟು, "ಕನ್ನಡದಲ್ಲೂ ಹಾಕಿಬಿಡಿ ಮೇಡಂ, ಕಂಪ್ಯೂಟರೇ ತರ್ಜುಮೆ ಮಾಡುತ್ತಲ್ಲ" ಅಂದರು.

ಮಾಡಿತು ಬಿಡಿ. ವರ್ಕಿಂಗ್ ಮೆಮೊರಿ ಬಗ್ಗೆ ಸಂಶೋಧನೆ ಮಾಡುವವರು 'ಕೆಲಸ ಮಾಡುವ ಸ್ಮರಣೆ' ತಜ್ಞರಾದರು. ಉಳಿದ ಹದಿಮೂರು ಜನರದ್ದು ಕೆಟ್ಟು ನಿಂತಿದೆಯೇನೋ ಅನ್ನುವ ಹಾಗೆ. ನಕ್ಕು ಸುಮ್ಮನಾಗಬಹುದಿತ್ತು, ಆದರೆ ಅಚ್ಚಾಗಿ ಹೋದಮೇಲೆ ಬೈಸಿಕೊಳ್ಳುವುದು ನಾನೇ ಅಲ್ವಾ?

ನನ್ನ ತಲೆ ತಿಂದಿರುವುದು ಮುಖ್ಯವಾಗಿ ಒಂದೇ ಪದ, ಕಾಗ್ನಿಟಿವ್. ಅಂದರೆ ತಿಳಿಯುವುದು, ನೆನಪಿಡುವುದು, ಯೋಚಿಸುವುದು, ಇಂಥ ಮನಸ್ಸಿನ ಕೆಲಸಗಳಿಗೆ ಸಂಬಂಧಿಸಿದ್ದು. ಹದಿನಾಲ್ಕರಲ್ಲಿ ಐದು ಜನ ಆ ಕಡೆಯವರೇ. ಪುಸ್ತಕಗಳಲ್ಲಿ ಕೆಲವರು 'ಸಂಜ್ಞಾನಾತ್ಮಕ' ಅನ್ನುತ್ತಾರೆ, ಕೆಲವರು 'ಜ್ಞಾನಾತ್ಮಕ', ಇತ್ತೀಚಿನವರು 'ಅರಿವಿನ ಮನೋವಿಜ್ಞಾನ'. ಮೊದಲನೆಯದನ್ನು ಎರಡು ಸಲ ಟೈಪ್ ಮಾಡಿದರೆ ಮೂರನೇ ಸಲಕ್ಕೆ ಬೆರಳು ಬೇಡ ಅನ್ನುತ್ತದೆ. ಎರಡನೆಯದು ಏನೋ ಪ್ರವಚನದ ಹಾಗೆ ಕೇಳುತ್ತದೆ. ಹಾಗಾಗಿ 'ಅರಿವಿನ' ಅಂತಲೇ ಹಾಕಿ ಮನೆಯಲ್ಲಿ ಜೋರಾಗಿ ಓದಿದೆ. ಅಮ್ಮ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತಿ, "ಅರಿವಿ ಬಗ್ಗೆನೂ ಪಿಎಚ್‌ಡಿ ಮಾಡ್ತಾರೇನೇ? ಚೌಕಿಪೇಟೆಗೆ ಹೋದ್ರೆ ಅಂಗಡಿಯವ್ರೇ ಹೇಳ್ತಾರಲ್ಲ" ಅಂದಳು. ನಮ್ಮ ಕಡೆ ಬಟ್ಟೆಗೆ ಅರಿವೆ, ಬಾಯಲ್ಲಿ ಅರಿವಿ. ಮೈಸೂರು ಕಡೆಯವರಿಗೆ ಈ ತೊಂದರೆ ಇರಲಿಕ್ಕಿಲ್ಲ.

ಅದು ತಮಾಷೆಯಾಯಿತು. ನಿಜವಾದ ತೊಡಕು ಬೇರೆ ಇದೆ. 'ಅರಿವು' ಈಗಾಗಲೇ ಎಷ್ಟು ಮನೆ ಬಾಡಿಗೆಗೆ ಹಿಡಿದಿದೆ ನೋಡಿ. ಆಟೋ ಹಿಂದೆ 'ಅರಿವೇ ಗುರು'. ಶಾಲೆ ಮಕ್ಕಳ ಕೈಯಲ್ಲಿ 'ಡೆಂಗಿ ಅರಿವು ಜಾಥಾ'. ಆಸ್ಪತ್ರೆ ಬೋರ್ಡಿನಲ್ಲಿ 'ಅರಿವಳಿಕೆ ತಜ್ಞರು'. ವಚನದವರಿಗೆ ಅದು ಸಾಧನೆಯಿಂದ ಬರುವಂಥದ್ದು, ಜಾಥಾದವರಿಗೆ ಮಾಹಿತಿ, ಅರಿವಳಿಕೆಯವರಿಗೆ ಎಚ್ಚರ. ಮೂರರಲ್ಲೂ ಒಂದು ಅಂಶ ಮಾತ್ರ ಸಾಮಾನ್ಯ. ಅರಿವು ಅಂದರೆ ನಮಗೆ ಗೊತ್ತಿರುವುದು, ಗೊತ್ತಿದೆ ಅಂತ ನಮಗೇ ಗೊತ್ತಿರುವುದು.

ಆದರೆ ಈ ಸಂಶೋಧಕರು ಹುಡುಕುತ್ತಿರುವುದು ಅದನ್ನಲ್ಲ. ಉಲ್ರಿಕ್ ನೈಸರ್ ಅನ್ನುವವರು 1967ರಲ್ಲಿ ಈ ಕ್ಷೇತ್ರದ ಹೆಸರನ್ನೇ ಇಟ್ಟು ಒಂದು ಪುಸ್ತಕ ಬರೆದರು. ಅವರ ಲೆಕ್ಕದಲ್ಲಿ, ಕಣ್ಣು ಕಿವಿಯಿಂದ ಒಳಗೆ ಬಂದದ್ದನ್ನು ಮನಸ್ಸು ರೂಪ ಬದಲಿಸಿ, ಕಿರಿದು ಮಾಡಿ, ಬೇಕಾದಲ್ಲಿ ಹಿಗ್ಗಿಸಿ, ಕೂಡಿಟ್ಟು, ಮತ್ತೆ ಹೊರತೆಗೆದು ಬಳಸುವ ಅಷ್ಟೂ ಕೆಲಸ ಕಾಗ್ನಿಷನ್. ಅಂದರೆ ಅದೊಂದು ನಡೆಯುತ್ತಿರುವ ಕೆಲಸ. ಅರಿವು ಆ ಕೆಲಸದ ಕೊನೆಗೆ ಸಿಗುವ ಫಲ, ಅದೂ ಎಲ್ಲ ಸಲ ಸಿಗುವುದಿಲ್ಲ.

ನನ್ನನ್ನೇ ತಗೊಳ್ಳಿ. ಹನ್ನೊಂದು ವರ್ಷದಿಂದ ಕೀಲಿಮಣೆ ಕುಟ್ಟುತ್ತಿದ್ದೇನೆ. ಮೊನ್ನೆ ಅಂಗಡಿಗೆ ಕಲಿಯಲು ಬಂದ ಹುಡುಗಿ "ಅಕ್ಕಾ, ಕೃ ಹೊಡೆಯೋದು ಹೇಗೆ?" ಅಂತ ಕೇಳಿದಳು. ಬಾಯಲ್ಲಿ ಹೇಳಲು ಬರಲಿಲ್ಲ. ಗಾಳಿಯಲ್ಲಿ ಬೆರಳಾಡಿಸಿ, ಬೆರಳು ಎಲ್ಲಿಗೆ ಹೋಯಿತು ಅಂತ ನೋಡಿ ಹೇಳಿದೆ. ಬೆರಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಇನ್ನೂ ಸೋಜಿಗದ್ದು ಬೇಕಾದರೆ, ಲಾರೆನ್ಸ್ ವೈಸ್‌ಕ್ರಾಂಟ್ಸ್ ಮತ್ತು ಜೊತೆಗಾರರು 1974ರಲ್ಲಿ ಪ್ರಕಟಿಸಿದ ರೋಗಿಯೊಬ್ಬನ ಕಥೆ ಇದೆ. ಮಿದುಳಿನ ಆಪರೇಷನ್ ಆದಮೇಲೆ ಅವನಿಗೆ ಎದುರಿನ ನೋಟದಲ್ಲಿ ಒಂದು ಬದಿ ಕಾಣುತ್ತಿರಲಿಲ್ಲ. ಆ ಬದಿಯಲ್ಲಿ ಬೆಳಕು ಬಿಟ್ಟು, ಎಲ್ಲಿದೆ ಸುಮ್ನೆ ಊಹಿಸಿ ತೋರಿಸು ಅಂದರೆ, ನನಗೇನೂ ಕಾಣುವುದಿಲ್ಲ ಅನ್ನುತ್ತಲೇ ಅದರ ಜಾಗಕ್ಕೆ ಬೆರಳು ಮಾಡುತ್ತಿದ್ದ. ನನ್ನ ಪಟ್ಟಿಯಲ್ಲಿ ಎಂಟನೆಯವರ ವಿಷಯ ಇಂಥದ್ದೇ. ಅವರ ಹೆಸರಿನ ಮುಂದೆ 'ಅರಿವಿಗೆ ಬಾರದ ಅರಿವು' ಅಂತ ಹಾಕಿದರೆ ಬೆಡಗಿನ ವಚನದ ವ್ಯಾಖ್ಯಾನಕಾರರು ಬಂದಿದ್ದಾರೆ ಅಂದುಕೊಂಡಾರು.

ಹಾಗಾದರೆ 'ಅರಿಯುವಿಕೆ'? 'ಗ್ರಹಿಕೆ' ಆಗುವುದಿಲ್ಲ, ಅದನ್ನು ಪರ್ಸೆಪ್ಷನ್‌ನವರು, ಅಂದರೆ ಕಣ್ಣು ಕಿವಿಗೆ ಬಿದ್ದದ್ದು ನಮಗೆ ಹೇಗೆ ತಿಳಿಯುತ್ತದೆ ಅಂತ ನೋಡುವವರು, ಆಗಲೇ ಹಿಡಿದಾಗಿದೆ. ಅವರೂ ಇಬ್ಬರಿದ್ದಾರೆ ಪಟ್ಟಿಯಲ್ಲಿ.

ಇಷ್ಟೆಲ್ಲ ಅರಿವಿನ ವಿರುದ್ಧ ವಾದ ಮಾಡಿ, ಆಮೇಲೆ ನನಗೇ ಅನುಮಾನ ಬಂತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ರೇಡಿಯೊ ನಿಲಯ ಶುರು ಮಾಡಿದರಲ್ಲ, ಅದರ ಹೆಸರು ಆಕಾಶವಾಣಿ. ಅಲ್ಲಿಯವರೆಗೆ ಆಕಾಶವಾಣಿ ಅಂದರೆ ಕಂಸನಿಗೆ ಕೇಳಿಸಿದಂಥದ್ದು. ಈಗ ಆ ಪದ ಕೇಳಿದರೆ ಯಾರಿಗೆ ಕಂಸ ನೆನಪಾಗುತ್ತಾನೆ? ಬಳಸುತ್ತಾ ಹೋದರೆ ಅರಿವಿಗೂ ಹೊಸ ಅರ್ಥ ಕೂತೀತು. ಆದರೆ ರೇಡಿಯೊ ಊರಿಗೆಲ್ಲ ಕೇಳಿಸುತ್ತಿತ್ತು, ನನ್ನ ಕರಪತ್ರ ಇನ್ನೂರು ಪ್ರತಿ.

ಇನ್ನೊಂದು ಸಣ್ಣ ಗೊಂದಲ. ಡೆವಲಪ್‌ಮೆಂಟಲ್‌ನವರೂ ಎವಲ್ಯೂಷನರಿಯವರೂ ಇಬ್ಬರೂ 'ವಿಕಾಸ ಮನೋವಿಜ್ಞಾನ' ಆಗಿ ಬಂದಿದ್ದಾರೆ. ಒಬ್ಬರು ಮಕ್ಕಳ ಬುದ್ಧಿ ಹೇಗೆ ಬಲಿಯುತ್ತದೆ ಅಂತ ನೋಡಿದ ಪಿಯಾಜೆ ದಾರಿಯವರು. ಗಿಡ್ಡ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದರೆ ನೀರು ಜಾಸ್ತಿಯಾಯಿತು ಅನ್ನುವ ಮಗು, ಎಷ್ಟನೇ ವಯಸ್ಸಿಗೆ 'ಅಷ್ಟೇ ಇದೆ' ಅನ್ನುತ್ತದೆ ಅಂತ ನೋಡುವವರು. ಇನ್ನೊಬ್ಬರು ಡಾರ್ವಿನ್ ದಾರಿಯವರು, ಹಾವು ಕಂಡರೆ ನಮಗೆ ಯಾಕಿಷ್ಟು ಭಯ ಅಂತ ಕೇಳುವವರು. ಮೊದಲನೆಯವರಿಗೆ 'ಬೆಳವಣಿಗೆ' ಹಾಕೋಣವೆಂದರೆ, ಬಿ.ಎಡ್. ಓದಿದ ನನ್ನ ತಮ್ಮ ತಕರಾರು ತೆಗೆದ. ಅವರ ಪುಸ್ತಕದಲ್ಲಿ ಎತ್ತರ ತೂಕ ಏರುವುದು ಬೆಳವಣಿಗೆ, ಬುದ್ಧಿ ಬಲಿಯುವುದು ವಿಕಾಸ, ಕಲಸಿದರೆ ಅಂಕ ಹೋಗುತ್ತದಂತೆ. ಡಾರ್ವಿನ್ನನಿಗೂ ವಿಕಾಸವೇ ಇದೆಯಲ್ಲೋ ಅಂದರೆ, ಅದು ಸೈನ್ಸ್ ಪೇಪರ್ ಅಕ್ಕಾ ಅಂದ!

ವರ್ಕಿಂಗ್ ಮೆಮೊರಿಗೆ ಮಾತ್ರ ನನ್ನದೇ ಒಂದು ಪದ ಸಿಕ್ಕಿದೆ, ಒಪ್ಪುತ್ತೀರೋ ನೋಡಿ. ಬ್ಯಾಡ್ಲಿ ಮತ್ತು ಹಿಚ್ ಅನ್ನುವ ಮನಶ್ಶಾಸ್ತ್ರಜ್ಞರು 1974ರಲ್ಲಿ ಹೇಳಿದ್ದು, ಮನಸ್ಸು ಕೆಲಸಕ್ಕೆ ಬೇಕಾದ್ದನ್ನು ಸ್ವಲ್ಪ ಹೊತ್ತು ಮಾತ್ರ ಹಿಡಿದಿಟ್ಟುಕೊಂಡು, ಹಿಡಿದಿರುವಾಗಲೇ ಅದರ ಮೇಲೆ ಕೆಲಸ ನಡೆಸುವ ವ್ಯವಸ್ಥೆ. ಇದನ್ನು ನೋಡಬೇಕಾದರೆ ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿಗೆ ಬನ್ನಿ. ಹುಡುಗ ಚೀಟಿ ಬರೆಯುವುದಿಲ್ಲ. "ಎರಡು ಬೆಣ್ಣೆ, ಒಂದು ಓಪನ್, ಮೂರು ಖಾಲಿ" ಅಂತ ಗುನುಗುತ್ತಾ ಒಲೆ ಕಡೆ ನಡೆಯುತ್ತಾನೆ. ನಡುವೆ ಯಾರೋ "ತಮ್ಮಾ, ಟೈಮೆಷ್ಟು?" ಅಂದರು. ಮುಗಿಯಿತು, ಮತ್ತೆ ಮೊದಲ ಟೇಬಲ್ಲಿಗೆ ಬಂದು ನಿಂತ. ಆ ನೆನಪು ಅವನ ಕೈಯಲ್ಲಿ ಹಿಡಿದ ತಟ್ಟೆಯ ಹಾಗೆ, ತಟ್ಟೆ ಹಿಡಿದೇ ಕೆಲಸ ನಡೆಯಬೇಕು, ಯಾರಾದರೂ ತಾಗಿದರೆ ಬಿತ್ತು. ಅದಕ್ಕೇ 'ಕೈನೆನಪು' ಅಂತ ಬರೆದಿದ್ದೇನೆ. ಕೈಸಾಲ ಇರುವ ಹಾಗೆ. ಬೇಗ ತೀರಿಸುವಂಥದ್ದು, ಪತ್ರ ಇಲ್ಲದ್ದು.

ಪಾಠ ಮಾಡುವವರು, ಅದರಲ್ಲೂ ಚಿತ್ರದುರ್ಗ, ಹೊಳಲ್ಕೆರೆ, ಹರಿಹರ ಕಡೆಯವರು ಹೇಳಿ: ತರಗತಿಯಲ್ಲಿ ಬಾಯಿಬಿಟ್ಟು ಏನು ಅನ್ನುತ್ತೀರಿ? ಪುಸ್ತಕದಲ್ಲಿ ಇರುವುದು ಬೇಡ, ಅದು ನನ್ನ ಹತ್ತಿರ ಇದೆ. 'ಅರಿಯುವಿಕೆ' ಅಂದರೆ ಹುಡುಗರು ನಗುತ್ತಾರಾ? ಕೈನೆನಪು ತೀರಾ ಹೋಟೆಲ್ ವಾಸನೆ ಹೊಡೆಯುತ್ತಾ?

ಸೋಮವಾರ ಪ್ರೂಫ್ ಕೊಡಬೇಕು. ಸದ್ಯಕ್ಕೆ ಆ ಐದು ಸಾಲಿನಲ್ಲೂ 'ಕಾಗ್ನಿಟಿವ್' ಅಂತಲೇ ಬಿಟ್ಟು ಹಳದಿ ಬಣ್ಣ ಹಚ್ಚಿಟ್ಟಿದ್ದೇನೆ.