ಪದಚರ್ಚೆ: ‘ಓವರ್‌ಕನ್ಸಾಲಿಡೇಟೆಡ್’ ಜೇಡಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಸಿವಿಲ್ ಡಿಪ್ಲೊಮಾ ಓದುವವರಿಗೆ ಮಣ್ಣಿನ ಪರೀಕ್ಷೆಗಳ ಬಗ್ಗೆ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ‘ಓವರ್‌ಕನ್ಸಾಲಿಡೇಟೆಡ್ ಕ್ಲೇ’ ಅನ್ನುವಲ್ಲಿ ಬರವಣಿಗೆ ನಿಂತಿದೆ. ‘ಅತಿ ಕ್ರೋಡೀಕೃತ ಜೇಡಿ’ ಅಂತ ಬರೆಯಲು ಮನಸ್ಸಿಲ್ಲ. ಅಲ್ಲಿ ಯಾವುದೂ ಅತಿಯಾಗಿಲ್ಲ. ಇವತ್ತು ಮೇಲಿರುವ ಹೊರೆಗಿಂತ ಜಾಸ್ತಿ ಹೊರೆಯನ್ನು ಆ ಮಣ್ಣು ಹಿಂದೊಮ್ಮೆ ಹೊತ್ತಿತ್ತು, ಅಷ್ಟೇ. ಲಂಡನ್ ನಗರದ ಕೆಳಗಿನ ಜೇಡಿ ಹೀಗೆಯೇ ಆದದ್ದು. ಅದರ ಮೇಲಿದ್ದ ದಪ್ಪ ಪದರಗಳು ಕಾಲಾಂತರದಲ್ಲಿ ಸವೆದು ಹೋದವು, ಅವುಗಳ ಭಾರಕ್ಕೆ ಬಂದ ಗಟ್ಟಿತನ ಉಳಿಯಿತು.

‘ಕಷ್ಟ ಕಂಡ ಜೀವ’ ಅನ್ನುತ್ತೇವಲ್ಲ, ಹಾಗೆ ‘ಹೊರೆ ಕಂಡ ಜೇಡಿ’ ಅನ್ನಬಹುದು ಅಂತ ಮೊದಲು ಅನ್ನಿಸಿತು. ಕೇಳಿದ ಕೂಡಲೇ ಅರ್ಥವಾಗುತ್ತದೆ. ಆದರೆ ತೊಡಕು ಇದೆ, ಅದಕ್ಕೇ ಈ ಪತ್ರ.

ಈ ಹಳೆಯ ಹೊರೆಯನ್ನು ಅಳೆಯುವುದು ಹೇಗೆ ಅಂತ ನೋಡಿ. ಮಣ್ಣಿನ ಮಾದರಿ ತಂದು ಲ್ಯಾಬಿನಲ್ಲಿ ಒತ್ತಿ, ಒತ್ತಡಕ್ಕೆ ಮಣ್ಣು ಎಷ್ಟು ಕುಗ್ಗಿತು ಅಂತ ತೋರಿಸುವ ರೇಖೆ ಎಲ್ಲಿ ಬಾಗುತ್ತದೆ ಅಂತ ಹುಡುಕುವ ದಾರಿಯನ್ನು ಮಣ್ಣಿನ ಎಂಜಿನಿಯರ್ ಕಾಸಗ್ರಾಂಡೆ 1936ರಲ್ಲೇ ಕೊಟ್ಟರು. ಸೈಟಿನಲ್ಲೇ ಅಂದಾಜು ಬೇಕಾದರೆ ಕೋನ್ ಟೆಸ್ಟ್. 60 ಡಿಗ್ರಿ ಮೊನೆಯ ಶಂಕುವನ್ನು ಸೆಕೆಂಡಿಗೆ 2 ಸೆಂ.ಮೀ. ವೇಗದಲ್ಲಿ ಒತ್ತಿ ಇಳಿಸುತ್ತಾರೆ. ಸುತ್ತಿಗೆಯಿಂದ ಬಡಿದು ಕೊಳವೆ ಇಳಿಸುವ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್) ಬೇರೆ.

ಒಂದು ಲೆಕ್ಕ. ನೀರು ನೆಲಮಟ್ಟದಲ್ಲೇ ಇರುವ ಮೆದು ಜೇಡಿ, 10 ಮೀಟರ್ ಆಳ. ಮೇಲಿನ ಒಟ್ಟು ಒತ್ತಡ 160 ಕಿಲೋಪಾಸ್ಕಲ್. ನೀರಿನದು ಸುಮಾರು 100 ಕಳೆದರೆ ಮಣ್ಣಿನ ಕಣಗಳ ಪಾಲಿಗೆ 60. ಶಂಕುವಿನ ಮೊನೆ, ನೀರಿನ ಒತ್ತಡದ ತಿದ್ದುಪಡಿ ಸೇರಿ, 500 ತೋರಿಸಿತು ಅನ್ನಿ. 500ರಲ್ಲಿ 160 ಕಳೆದರೆ 340. ರೂಢಿಯ ಅಂದಾಜಿನಂತೆ ಅದರ ಮೂರನೇ ಒಂದು ಭಾಗ ತೆಗೆದುಕೊಂಡರೆ ಸುಮಾರು 113. ಇದು ಆ ಜೇಡಿ ಹಿಂದೆ ಕಂಡ ಒತ್ತಡದ ಅಂದಾಜು. 113ನ್ನು 60ರಿಂದ ಭಾಗಿಸಿದರೆ 1.9. ಒಂದಕ್ಕಿಂತ ಜಾಸ್ತಿ ಬಂತು, ಹಾಗಾಗಿ ಇದು ಓವರ್‌ಕನ್ಸಾಲಿಡೇಟೆಡ್. ಈ ‘ಮೂರನೇ ಒಂದು’ ಎಲ್ಲ ಕಡೆ ನಡೆಯುವುದಿಲ್ಲ. ಲಂಡನ್ನಿನಂಥ ಬಿರುಕುಬಿಟ್ಟ ಜೇಡಿಗೆ ಇನ್ನೂ ಜಾಸ್ತಿ ಇಟ್ಟುಕೊಳ್ಳಬೇಕು.

ಈಗ ತೊಡಕಿಗೆ ಬರೋಣ. 1.9 ಬಂತು ಅಂದ ಮಾತ್ರಕ್ಕೆ ಮೇಲೆ ಹೊರೆ ಇತ್ತು ಅಂತ ಹೇಳಲಾಗದು. ಎರೆ ಹೊಲದ ಮೇಲ್ಪದರ ಬೇಸಿಗೆಯಲ್ಲಿ ಒಣಗಿಯೇ ಬಿಗಿಯುತ್ತದೆ. ಅದರ ಮೇಲೆ ಯಾವ ಹೊರೆಯೂ ಕೂತಿರಲಿಲ್ಲ. ನಾರ್ವೆಯ ಡ್ರಾಮೆನ್ ಊರಿನ ಜೇಡಿ ಬರೀ ವಯಸ್ಸಿನಿಂದ, ಅದೇ ಭಾರದಡಿ ಸಾವಿರಾರು ವರ್ಷ ಕೂತೇ ಹೀಗಾಗಿದೆ ಅಂತ ಅಲ್ಲಿನ ಮಣ್ಣಿನ ಎಂಜಿನಿಯರ್ ಬ್ಯೆರುಮ್ 1967ರಲ್ಲಿ ವಿವರಿಸಿದರು. ಇವುಗಳನ್ನೂ ‘ಹೊರೆ ಕಂಡ ಜೇಡಿ’ ಅಂದರೆ ತಪ್ಪಾಗುತ್ತದೆ, ಅಲ್ವಾ? ಇದೇ ಕಾರಣಕ್ಕೆ ಈಗ ಹಲವು ಎಂಜಿನಿಯರುಗಳು ‘ಪ್ರೀಕನ್ಸಾಲಿಡೇಶನ್ ಪ್ರೆಶರ್’ (ಮಣ್ಣು ಹಿಂದೆ ಕಂಡ ಒತ್ತಡ) ಅನ್ನುವುದನ್ನು ಬಿಟ್ಟು ‘ಯೀಲ್ಡ್ ಸ್ಟ್ರೆಸ್’ ಅನ್ನುತ್ತಾರೆ. ಎಷ್ಟು ಒತ್ತಿದರೆ ಮಣ್ಣು ಸೋತು ಜಾಸ್ತಿ ಕುಗ್ಗಲು ಶುರುಮಾಡುತ್ತದೆ, ಆ ಮಟ್ಟ. ಕಾರಣ ಯಾವುದಾದರೂ ಇರಲಿ.

ಇದಕ್ಕೆ ‘ಮಣಿ’ ಧಾತು ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ. ‘ಮಣಿಯುವ ಒತ್ತಡ’, ‘ಮಣಿವೊತ್ತಡ’. ಅದನ್ನು ಇಂದಿನ ಒತ್ತಡದಿಂದ ಭಾಗಿಸಿದರೆ ಬರುವುದು ‘ಮಣಿತದ ಅನುಪಾತ’. ‘ಹೊರೆ ಕಂಡ ಜೇಡಿ’ಯನ್ನು ಲಂಡನ್ನಿನಂಥ ಕಡೆಗೆ ಮಾತ್ರ ಉಳಿಸಿಕೊಳ್ಳಬಹುದು.

ಕೇಳಬೇಕಾದದ್ದು ಎರಡು. ‘ಮಣಿವೊತ್ತಡ’ ಓದಿದಾಗ ತಲೆಬಾಗುವ ಅರ್ಥವೇ ಮೊದಲು ಬರುತ್ತದೆಯೇ, ಅಥವಾ ಕುಗ್ಗುವ ಅರ್ಥವೂ ಹೊಳೆಯುತ್ತದೆಯೇ? ಇನ್ನೊಂದು, ಮೇಲೆ ಭಾರವಿಲ್ಲದೆಯೂ ಒಣಗಿ ಬಿಗಿದ ಜೇಡಿಪದರಕ್ಕೆ ನಿಮ್ಮ ಕಡೆ ಬಾವಿ ತೋಡುವವರು, ಕುಂಬಾರರು ಬಳಸುವ ಮಾತು ಇದ್ದರೆ ಊರಿನ ಹೆಸರು ಸೇರಿಸಿ ದಯವಿಟ್ಟು ತಿಳಿಸಿ.