ಕೋಲಾರದಿಂದ ಕೊಲಂಬೊಗೆ ಪರಿಹಾರದ ಕಂಟೇನರ್: ಏನು ತುಂಬಬೇಕು?

ಕೋಲಾರ_ಮಂಡಿ: ಶ್ರೀಲಂಕಾದ ನೆರೆ ಸಂತ್ರಸ್ತರಿಗೆ ನಮ್ಮ ವರ್ತಕರ ಸಂಘದಿಂದ 20 ಅಡಿಯ ಒಂದು ಕಂಟೇನರ್ ಕಳಿಸೋ ಮಾತಾಗಿದೆ. ಅಕ್ಕಿ, ರಾಗಿ ಹಿಟ್ಟು, ಬಾಟಲಿ ನೀರು, ಹಳೇ ಬಟ್ಟೆ ಸೇರಿವೆ. ಟೊಮೆಟೊನೂ ಹಾಕಿ ಅಂತಿದಾರೆ. ಏನೇನು ನೋಡ್ಕೋಬೇಕು?

ಮಾಲೂರು_ಕ್ಲಿಯರಿಂಗ್: ಕೊಲಂಬೊದಲ್ಲಿ ಬಿಡಿಸಿಕೊಳ್ಳೋರು ಯಾರು ಅನ್ನೋದು ಮೊದಲು, ಲೋಡಿಂಗ್ ಆಮೇಲೆ. ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗು ಕಂಪನಿ ಕೊಡೋ ಸರಕಿನ ರಸೀದಿ) ಅವರ ಹೆಸರು ಬೇಕು, ಸುಂಕ ವಿನಾಯಿತಿಯನ್ನೂ ಅವರೇ ಮಾಡಿಸಬೇಕು. ಪಟ್ಟಿಯಲ್ಲಿ ಬರೀ 'ಪರಿಹಾರ ಸಾಮಗ್ರಿ' ಅಂತ ಬರೆದರೆ ಕಸ್ಟಮ್ಸ್‌ನಲ್ಲಿ ಕೂರುತ್ತೆ, ಡೆಮರೇಜ್ (ತಡವಾದ ದಿನಗಳಿಗೆ ಕಟ್ಟೋ ಶುಲ್ಕ) ಏರುತ್ತಲೇ ಇರುತ್ತೆ. ಸರಕು, ಚೀಲ, ತೂಕ ಬೇರೆಬೇರೆ ನಮೂದಿಸಿ. ಹಳೇ ಬಟ್ಟೆ ಕೈಬಿಡಿ, ವಿಂಗಡಿಸೋಕೆ ಅಲ್ಲಿ ಜನ ಇರಲ್ಲ.

ಒಳಗಿನ ಜಾಗ ಸುಮಾರು 33 ಘನ ಮೀಟರ್. 25 ಕೆಜಿಯ 800 ಚೀಲ ಅಕ್ಕಿ ಅಂದ್ರೆ 20 ಟನ್, ಆರಾಮಾಗಿ ಹಿಡಿಯುತ್ತೆ. ತುಂಬಿದ ಡಬ್ಬದ ದೃಢೀಕೃತ ತೂಕ (ವಿಜಿಎಂ) ಕೊಡದೆ ಹಡಗಿಗೆ ಏರಿಸಲ್ಲ, 2016ರ ಜುಲೈಯಿಂದ ಇದೇ ನಿಯಮ. ನಿಮಗೆ ವೈಟ್‌ಫೀಲ್ಡ್ ಐಸಿಡಿ (ಒಳನಾಡಿನ ಕಂಟೇನರ್ ಡಿಪೊ) ಹತ್ತಿರ. ಕಸ್ಟಮ್ಸ್ ಅಲ್ಲೇ ಮುಗಿಸಿ ರೈಲಲ್ಲಿ ಚೆನ್ನೈ ಬಂದರಿಗೆ ಕಳಿಸಬಹುದು.

ಬಂಗಾರಪೇಟೆ_ಗೋದಾಮು: ಟೊಮೆಟೊ ಬೇಡವೇ ಬೇಡ ಅಣ್ಣ. ಸಮುದ್ರದಲ್ಲಿ ಎರಡು ದಿನ ಅಷ್ಟೇ, ಯಾರ್ಡಲ್ಲಿ ಕಾಯೋದೇ ಜಾಸ್ತಿ. ರಸ ಸೋರಿ ಅಕ್ಕಿನೂ ಕೆಡುತ್ತೆ. ರಾಗಿ ಅಲ್ಲೂ ತಿಂತಾರೆ, ಆದರೆ ಹಿಟ್ಟು ಬೇಗ ಕಮಟುತ್ತೆ. ಕಾಳು ಕಳಿಸಿದರೆ ನೆರೆ ಬಂದ ಊರಲ್ಲಿ ಬೀಸೋ ಗಿರಣಿ ಎಲ್ಲಿ? ಅಕ್ಕಿ ಒಂದೇ ಸಾಕು.

ಅಕ್ಕಿಗೆ ಶತ್ರು ತೇವ. ಹಗಲು ಕಾದ ತಗಡು ರಾತ್ರಿ ತಣ್ಣಗಾದಾಗ ಚಾವಣಿ ಒಳಗೆ ಬೆವರಿ ತೊಟ್ಟಿಕ್ಕುತ್ತೆ, ಮೇಲಿನ ಸಾಲಿನ ಚೀಲ ಮುಗ್ಗಾಗುತ್ತೆ. ತೇವಾಂಶ 14%ಕ್ಕಿಂತ ಕಡಿಮೆ ಇರಲಿ, ಗೋಡೆಗೆ ಕ್ರಾಫ್ಟ್ ಪೇಪರ್ ಹೊದಿಸಿ, ತೇವ ಹೀರೋ ಚೀಲ ನೇತುಹಾಕಿ. ತುಂಬೋ ಮುಂಚೆ ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸಿ ನೋಡಲಿ. ಎಲ್ಲಾದರೂ ಬೆಳಕು ಕಂಡರೆ ಆ ಡಬ್ಬ ವಾಪಸ್. ಮರದ ಪ್ಯಾಲೆಟ್ ಹಾಕೋದಾದರೆ ಐಎಸ್‌ಪಿಎಂ 15 ಮುದ್ರೆ (ಮರದಲ್ಲಿ ಹುಳ ಇರದಂತೆ ಸಂಸ್ಕರಿಸಿದ ಗುರುತು) ಇರಬೇಕು.

ನೀರು ಹೊರೋದು ದಂಡ. 67 ಮಿಲಿಗ್ರಾಂನ ಒಂದು ಕ್ಲೋರಿನ್ ಮಾತ್ರೆ 20 ಲೀಟರ್ ತಿಳಿನೀರಿಗಾಗುತ್ತೆ, ಅಂದ್ರೆ 1,000 ಮಾತ್ರೆ 20 ಟನ್ ನೀರಿಗೆ ಸಮ. ಅವನ್ನು ಅಕ್ಕಿ ಜೊತೆ ತುಂಬಬೇಡಿ.

ಕೋಲಾರ_ಮಂಡಿ: ಸರಿ ಸರ್. ನೆರೆ ಬಂದ ಕಡೆಯ ಚಿಕ್ಕ ಬಂದರಿಗೇ ನೇರ ಕಳಿಸಬಹುದಾ?

ಮಾಲೂರು_ಕ್ಲಿಯರಿಂಗ್: ಇಳಿಸೋಕೆ ಕ್ರೇನ್ ಬೇಕಲ್ಲ. 2010ರ ಭೂಕಂಪದಲ್ಲಿ ಹೈಟಿಯ ಪೋರ್ಟ್-ಒ-ಪ್ರಿನ್ಸ್ ಬಂದರಿನ ಕಟ್ಟೆ ಕುಸಿದು ಕ್ರೇನ್ ನೀರಿಗೆ ಬಿತ್ತು, ಕಂಟೇನರ್ ಇಳಿಸೋದೇ ನಿಂತುಹೋಯ್ತು. ಅಂಥ ಕಡೆಗೆ ಮೈಮೇಲೇ ಕ್ರೇನ್ ಇರೋ ಹಡಗು ಬೇಕು, ಕಟ್ಟೆ ಪಕ್ಕ ಆಳವೂ ಸಾಲಬೇಕು. ಒಂದು ಡಬ್ಬಕ್ಕೆ ಅಷ್ಟೆಲ್ಲ ಆಗಲ್ಲ, ಕೊಲಂಬೊದಲ್ಲಿ ಇಳಿಸಿ ಮುಂದಕ್ಕೆ ಲಾರಿ ಗೊತ್ತುಮಾಡಿ. ಆ ಬಾಡಿಗೆ ಯಾರದ್ದು ಅಂತ ಈಗಲೇ ಬರೆಸಿಕೊಳ್ಳಿ.