ಉತ್ತರ ತಡವಾದರೆ ಅರ್ಥವಾಗಿಲ್ಲ ಅಂತಲ್ಲ

ಮಗು ಕನ್ನಡದಲ್ಲಿ ಕೇಳಿದ್ದಕ್ಕೂ ಡಚ್‌ನಲ್ಲೇ ಉತ್ತರ ಕೊಡುತ್ತೆ, ಮನೆಯಲ್ಲಿ ಕನ್ನಡ ಬಿಟ್ಟುಬಿಡೋಣವಾ ಅಂತ ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು. ದಯವಿಟ್ಟು ಬಿಡಬೇಡಿ. ನಾವಿರೋದು ನೆದರ್‌ಲ್ಯಾಂಡ್ಸ್‌ನಲ್ಲಿ. ನಮ್ಮ ಮಗಳಿಗೆ ಐದು ವರ್ಷವಿದ್ದಾಗ ಅವಳ ಟೀಚರ್ ಒಬ್ಬರು ಬಿಡಿ ಅಂದಿದ್ದರು. ನಾವು ಎಂಟು ತಿಂಗಳು ಆ ಮಾತು ಕೇಳಿದೆವು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಈಗ ಅವಳಿಗೆ ಎಂಟು ವರ್ಷ. ಕಳೆದ ಜುಲೈನಲ್ಲಿ ಮಂಡ್ಯದ ಹತ್ತಿರದ ನಮ್ಮೂರಿಗೆ ಹೋಗಿದ್ದೆವು. ಮೊದಲ ವಾರ ಅಜ್ಜಿ ಏನು ಕೇಳಿದರೂ ಸುಮ್ನೆ ಮುಖ ನೋಡುತ್ತಿದ್ದಳು. "ವಸಿ ಆಲು ಕುಡೀತೀಯಾ ಮಗಾ?" ಅಂದರೆ ನನ್ನ ಕಡೆ ತಿರುಗುತ್ತಿದ್ದಳು. ನಾನು ತಕ್ಷಣ ಡಚ್‌ನಲ್ಲಿ ಹೇಳಿಬಿಡುತ್ತಿದ್ದೆ.

ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ನನ್ನ ಅಮ್ಮ ಒಲೆ ಮುಂದೆ ಕೂತೇ, "ಅಪ್ಪಂಗೆ ಆ ತಣ್ಗಿರೋ ಮುದ್ದೆಯ..." ಅಂದರು. ಅಷ್ಟರಲ್ಲಿ ಮಗಳ ಕೈ ಮುದ್ದೆಯ ತಟ್ಟೆಗೆ ಹೋಗಿತ್ತು. "...ಇಕ್ಬ್ಯಾಡ ಕಣವ್ವ" ಅಂತ ಅಮ್ಮ ಮುಗಿಸಿದರು. ಕೈ ಹಿಂದಕ್ಕೆ ಬಂತು. ಇಷ್ಟೆಲ್ಲಾ ಆದರೂ ಅವಳು ಒಂದು ಮಾತೂ ಆಡಿರಲಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಬರೋದು ಕೊನೆಗೆ. 'ಬ್ಯಾಡ' ಅನ್ನೋದು ಅದಕ್ಕೂ ಆಮೇಲೆ. ಆದರೆ ಕೇಳುವವರು ಅಲ್ಲಿಯವರೆಗೂ ಕಾಯುತ್ತಾ ಕೂರೋದಿಲ್ಲ. 'ಅಪ್ಪಂಗೆ' ಅಂತ ಬಂತು, ಹಿಂದೆಯೇ 'ಮುದ್ದೆಯ' ಅಂತ ಬಂತು ಅಂದರೆ ಯಾರಿಗೋ ಏನನ್ನೋ ಕೊಡುವ ಮಾತು ಅಂತ ತಲೆ ಮುಂದಕ್ಕೆ ಓಡಿರುತ್ತದೆ. ನಾವು ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಮಾತಿನ ನಡುವೆ ಅವು ಮಾಡುವ ಕೆಲಸ ಇದು. ಆ ಹೆಸರನ್ನೇ ಕೇಳಿರದ ನನ್ನ ಮಗಳು ಅದನ್ನು ಬಳಸುತ್ತಿದ್ದಳು.

ಹಾಗಾದರೆ ಬಾಯಲ್ಲಿ ಯಾಕೆ ಬರೋದಿಲ್ಲ? ನಾವಿರುವ ಇದೇ ದೇಶದಲ್ಲಿ, ನೈಮೇಗನ್ ಊರಿನಲ್ಲಿ ಭಾಷೆಯ ಬಗ್ಗೆ ಸಂಶೋಧನೆ ಮಾಡುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಭಾಷೆಗಳ ಮಾತುಕತೆಯನ್ನು ಅಳೆದಿದ್ದರು. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವೆ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಅಷ್ಟೇ. ಕನ್ನಡ ಅದರಲ್ಲಿ ಇರಲಿಲ್ಲ. ಆದರೆ ನಮ್ಮ ಹಾಗೇ ಕ್ರಿಯಾಪದವನ್ನು ಕೊನೆಗಿಡುವ ಜಪಾನೀಸ್ ಇತ್ತು, ಎಲ್ಲರಿಗಿಂತ ಬೇಗ ಉತ್ತರ ಕೊಟ್ಟವರೂ ಅವರೇ. ಒಂದು ಚಿತ್ರ ನೋಡಿ ಅದರ ಹೆಸರು ಹೇಳೋಕೇ ಸುಮಾರು 600 ಮಿಲಿಸೆಕೆಂಡ್ ಬೇಕು. ಅಂದರೆ ಎದುರಿನವರು ಮಾತಾಡುತ್ತಿರುವಾಗಲೇ ನಾವು ಉತ್ತರ ಜೋಡಿಸಿಕೊಳ್ಳುತ್ತಿರುತ್ತೇವೆ. ಎರಡು ಭಾಷೆಯ ಮಗುವಿಗೆ ಎರಡರ ಪದಗಳೂ ಒಟ್ಟಿಗೆ ಎದ್ದು ಬರುತ್ತವೆ. ಕಮ್ಮಿ ಬಳಸುವ ಭಾಷೆಯ ಪದ ಕೈಗೆ ಸಿಗೋಕೆ ಹೊತ್ತು ಜಾಸ್ತಿ ಬೇಕು. ಆ ಹೊತ್ತನ್ನು ನಾನೇ ಕಿತ್ತುಕೊಳ್ಳುತ್ತಿದ್ದೆ.

ಓದಿನ ಕಷ್ಟ ಬೇರೆ ಥರದ್ದು. ಮೈಸೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಬರುವಾಗ ಕಿಟಕಿ ಮೇಲೆ 'ತುರ್ತು ನಿರ್ಗಮನ' ಅಂತ ಬರೆದಿತ್ತು. "ತುತು..." ಅಂದು ನಿಂತಳು. ಮತ್ತೆ ಮೊದಲಿಂದ ಓದಿದಳು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ "ತುರ್ತು" ಅಂತ ಕೂಗಿದಳು! ಅರ್ಕಾವತ್ತು ನೋಡಿ, ಬಾಯಲ್ಲಿ ರ್ ಮೊದಲು ಬರುತ್ತೆ, ಬರೆಯೋದು ಮುಂದಿನ ಅಕ್ಷರ ಆದ ಮೇಲೆ. ಕಣ್ಣು ಮುಂದೆ ಹೋಗಿ ಹಿಂದಕ್ಕೆ ಬರಬೇಕು. ಡಚ್‌ನ 26 ಅಕ್ಷರ ಕಲಿತ ಮಗುವಿಗೆ ಇದು ಪೂರ್ತಿ ಹೊಸದು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಕರ್ನಾಟಕದಲ್ಲೇ ಬೆಳೆಯುವ ಮಕ್ಕಳಿಗೂ ಅಕ್ಷರಗಳ ಮೇಲೆ ಹಿಡಿತ ಬರೋಕೆ ಕೆಲವು ವರ್ಷಗಳೇ ಬೇಕು ಅನ್ನುತ್ತದೆ ಅದು. ಹಾಗಿರುವಾಗ ವಾರಕ್ಕೆ ಒಂದು ಗಂಟೆ ಕನ್ನಡ ಶಾಲೆಗೆ ಹೋಗುವ ನಮ್ಮ ಮಕ್ಕಳನ್ನು ಅವಸರ ಮಾಡಿ ಅಳಿಸೋದು ಅನ್ಯಾಯ ಅಲ್ವಾ?

ಇನ್ನೊಂದು. ಪುಸ್ತಕದಲ್ಲಿ 'ಹಾಲು', ಅಜ್ಜಿ ಬಾಯಲ್ಲಿ 'ಆಲು'. ಇದನ್ನು ತಪ್ಪು ಅಂತ ಮಗುವಿನ ಮುಂದೆ ತಿದ್ದಬೇಡಿ. ನಮ್ಮವಳು ಎರಡೂ ಒಂದೇ ಅಂತ ತಾನೇ ಕಂಡುಕೊಂಡಳು, ಯಾರೂ ಹೇಳಿಕೊಡಲಿಲ್ಲ.

ಮಗುವಿಗೆ ಯಾವ ಭಾಷೆಯಲ್ಲೂ ಮಾತು ಅರ್ಥವಾಗುತ್ತಿಲ್ಲ ಅನ್ನಿಸಿದರೆ ಅದು ಬೇರೆ ವಿಷಯ, ಕಾಯಬೇಡಿ. ಇಲ್ಲೂ ತೋರಿಸಿ, ರಜೆಗೆ ಹೋದಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ತೋರಿಸಿ.

ಈಗ ಭಾನುವಾರ ಅಮ್ಮ ಫೋನ್ ಮಾಡಿದಾಗ ನಾನು ಬಾಯಿ ಬಿಡೋದಿಲ್ಲ. ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. ಹೋದ ವಾರ "ಉಂಡ್ಯಾ ಮಗಾ?" ಅಂದರು. ನಾನು ನಾಲ್ಕಕ್ಕೆ ಬಂದಿದ್ದೆ. "ಉಂಡೆ ಅಜ್ಜಿ. ಅಪ್ಪಂಗೆ ಮುದ್ದೆ ಮಾಡಕ್ ಬರಲ್ಲ" ಅಂದಳು.

ಅರ್ಕಾವತ್ತು ಕಲಿಸೋಕೆ ನಿಮ್ಮಲ್ಲಿ ಯಾರಾದರೂ ಒಳ್ಳೆಯ ದಾರಿ ಕಂಡುಕೊಂಡಿದ್ದರೆ ಬರೆಯಿರಿ. 'ನಿರ್ಗಮನ' ಇನ್ನೂ ಬಾಕಿ ಇದೆ.